ಗುಳೆ ಹೋಗುವವರನ್ನು ಏನಂತ ಕೇಳಬೇಕು: ಸರ್ವೆ ಪ್ರಶ್ನಾವಳಿ ಬರೆಯಲು ಕಲಿಯುವ ಬಗ್ಗೆ

ನಿಮ್ಮ ಪ್ರಶ್ನೆ ಓದಿದೆ. ಎಂ.ಎಸ್.ಡಬ್ಲ್ಯು. ಪ್ರಾಜೆಕ್ಟ್‌ಗೆ ದೇವದುರ್ಗ, ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಗುಳೆ ಹೋಗುವ ಕುಟುಂಬಗಳ ಸರ್ವೆ ಮಾಡಬೇಕು, 70 ಪ್ರಶ್ನೆ ಬರೆದಿದ್ದೀರಿ, ಗೈಡ್ ನೋಡಿ "ಇದರಿಂದ ಏನೂ ಹೊರಡಲ್ಲ" ಅಂದಿದ್ದಾರೆ. ಒಳ್ಳೆ ಪ್ರಶ್ನಾವಳಿ ಬರೆಯೋದು ಹೇಗೆ ಕಲಿಯಬೇಕು, ಯಾವ ಪುಸ್ತಕ ಓದಬೇಕು ಅಂತ ಕೇಳಿದ್ದೀರಿ. ನಾನು ರಾಯಚೂರಿನವಳು. ಇಲ್ಲೂ ಪಕ್ಕದ ಕೊಪ್ಪಳದಲ್ಲೂ ಮನೆಮನೆ ಸರ್ವೆ ಮಾಡಿಕೊಂಡೇ ಬಂದವಳು. ಮೊದಲು ಫಾರಂ ಹಿಡಿದು ಕೇಳುತ್ತಿದ್ದೆ, ಈಗ ಫಾರಂ ಬರೆಯುತ್ತೇನೆ.

ಪುಸ್ತಕ ಆಮೇಲೆ. ಮೊದಲು ನೀವೇ ಉದಾಹರಣೆಗೆ ಕೊಟ್ಟಿರುವ ಪ್ರಶ್ನೆ ನೋಡೋಣ: "ಕಳೆದ ವರ್ಷ ನಿಮ್ಮ ಕುಟುಂಬ ಎಷ್ಟು ಬಾರಿ ಗುಳೆ ಹೋಗಿದೆ ಮತ್ತು ಅದರಿಂದ ನಿಮ್ಮ ಆರ್ಥಿಕ ಪರಿಸ್ಥಿತಿ ಸುಧಾರಿಸಿದೆಯೇ?"

ಒಬ್ಬ ಹೆಣ್ಣುಮಗಳು ಕಟ್ಟೆ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಾಳೆ ಅಂದುಕೊಳ್ಳಿ. ನೀವು ಎದುರು ಕೂತು ಇದನ್ನು ಓದುತ್ತೀರಿ. ಈಗ ಅವಳ ತಲೆಯಲ್ಲಿ ಏನೇನು ನಡೆಯಬೇಕು? ರೋಜರ್ ಟುರಾಂಜೋ ಎಂಬ ಸಂಶೋಧಕ 1984ರಲ್ಲಿ ಇದನ್ನು ನಾಲ್ಕು ಹಂತ ಮಾಡಿ ಹೇಳಿದ. ಕೇಳಿದ್ದು ಅರ್ಥವಾಗಬೇಕು, ಬೇಕಾದ್ದು ನೆನಪಿಗೆ ಬರಬೇಕು, ನೆನಪಾದದ್ದನ್ನು ಕೂಡಿಸಿ ಕಳೆದು ಒಂದು ತೀರ್ಮಾನಕ್ಕೆ ಬರಬೇಕು, ಕೊನೆಗೆ ಅದನ್ನು ನಿಮ್ಮೆದುರು ಬಾಯಿಬಿಟ್ಟು ಹೇಳಲು ಮನಸ್ಸಾಗಬೇಕು. ಪ್ರಶ್ನಾವಳಿ ಕಲಿಯೋದು ಅಂದ್ರೆ ನನ್ನ ಪ್ರಕಾರ ಇಷ್ಟೇ: ನೀವು ಬರೆದ ಪ್ರತಿ ಪ್ರಶ್ನೆಯೂ ಈ ನಾಲ್ಕರಲ್ಲಿ ಎಲ್ಲಿ ಎಡವುತ್ತದೆ ಅಂತ ಮೊದಲೇ ಕಾಣೋದನ್ನ ರೂಢಿ ಮಾಡಿಕೊಳ್ಳೋದು.

ನಿಮ್ಮ ಪ್ರಶ್ನೆ ನಾಲ್ಕರಲ್ಲೂ ಎಡವುತ್ತದೆ. ಕುಟುಂಬ ಅಂದ್ರೆ ಯಾರು? ಗಂಡ ಹೆಂಡತಿ ಬೆಂಗಳೂರಿಗೆ ಹೋಗಿ, ಅತ್ತೆ ಮೊಮ್ಮಕ್ಕಳನ್ನು ಇಟ್ಟುಕೊಂಡು ಊರಲ್ಲೇ ಉಳಿದರೆ ಕುಟುಂಬ ಹೋದಂತೆಯೋ, ಇಲ್ಲವೋ? ಕಳೆದ ವರ್ಷ ಅಂದ್ರೆ ಜನವರಿಯಿಂದಲೋ, ಯುಗಾದಿಯಿಂದಲೋ, ಹಿಂದಿನ ಹನ್ನೆರಡು ತಿಂಗಳೋ? ನಡುವೆ ಯಾರೋ ತೀರಿಕೊಂಡರು ಅಂತ ನಾಲ್ಕು ದಿನ ಬಂದು ಹೋದರೆ ಅದು ಎರಡು ಬಾರಿಯ ಲೆಕ್ಕವೋ, ಒಂದೇ ಬಾರಿಯೋ? ಮತ್ತೆ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆ ಸೇರಿವೆ, ಎರಡನೆಯದು ಹೌದು ಅನ್ನು ಅಂತ ಅವಳನ್ನು ತಳ್ಳುತ್ತದೆ. ಎದುರಿಗೆ ಪೆನ್ನು ಹಿಡಿದು ಕೂತವರು "ಸುಧಾರಿಸಿದೆಯೇ" ಅಂದ್ರೆ ನಮ್ಮ ಕಡೆ ಜನ "ಹೂಂ ರೀ" ಅಂತಾರೆ, ಅದು ಮರ್ಯಾದೆ. ಆ "ಹೂಂ" ನಿಮ್ಮ ಟೇಬಲ್ಲಿನಲ್ಲಿ ಶೇಕಡಾವಾರು ಆಗಿ ಕೂತುಬಿಡುತ್ತದೆ.

ಇನ್ನು ನೆನಪಿನ ವಿಷಯ. ಗುಳೆಯ ಸರ್ವೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಯಾವಾಗ ನಡೆಯಿತು ಅನ್ನೋದನ್ನ ಜನ ಇದ್ದದ್ದಕ್ಕಿಂತ ಈಚೆಗೆ ಎಳೆದು ಹೇಳುತ್ತಾರೆ, ಎರಡು ವರ್ಷದ ಹಿಂದಿನದು ಹೋದ ವರ್ಷದ್ದಾಗುತ್ತದೆ. ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಮಾರ್ಬರ್ಗರ್ 1983ರಲ್ಲಿ ಇದಕ್ಕೊಂದು ಉಪಾಯ ತೋರಿಸಿದರು. 1980ರ ಮೇ 18ಕ್ಕೆ ಮೌಂಟ್ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದಿತ್ತು. "ಕಳೆದ ಆರು ತಿಂಗಳಲ್ಲಿ" ಅಂತ ಕೇಳುವ ಬದಲು "ಜ್ವಾಲಾಮುಖಿ ಸಿಡಿದ ಮೇಲೆ" ಅಂತ ಕೇಳಿದಾಗ ಹಳೆಯ ಘಟನೆಗಳು ಈಚೆಗೆ ನುಸುಳೋದು ಕಡಿಮೆಯಾಯಿತು. ಎಲ್ಲರಿಗೂ ನೆನಪಿರುವ ಒಂದು ಗಡಿ ಕೊಟ್ಟರೆ ನೆನಪು ಆ ಗಡಿಯೊಳಗೆ ನಿಲ್ಲುತ್ತದೆ.

ನಮ್ಮ ಕಡೆ ಅಂಥ ಗಡಿಗೆ ಬರವಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಅದನ್ನು ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಮರೆತವರು ಸಿಗಲ್ಲ. "ಡ್ಯಾಮಿನ ಗೇಟ್ ಹೋಯ್ತಲ್ಲ, ಅದಕ್ಕೆ ಮುಂಚೆ ಹೋಗಿದ್ರಾ, ಆಮೇಲೆ ಹೋದ್ರಾ?" ಅಂತ ಕೇಳಿ ನೋಡಿ, ಉತ್ತರ ಎಷ್ಟು ಬೇಗ ಬರುತ್ತೆ ಅಂತ. ಇನ್ನೂ ಹಳೆಯದಕ್ಕೆ 2009ರ ನೆರೆ ಇದೆ. ವರ್ಷದೊಳಗಿನ ಗುರುತಿಗೆ ಯುಗಾದಿ, ಕಾರಹುಣ್ಣಿಮೆ, ದೀಪಾವಳಿ, ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ಮುದಗಲ್ಲಿನ ಮೊಹರಂ ಕೂಡ ಒಳ್ಳೆ ಗುರುತೇ, ಆದರೆ ಅದು ವರ್ಷ ವರ್ಷ ಹಿಂದೆ ಸರಿಯುತ್ತದೆ. 2024ರಲ್ಲಿ ಜುಲೈ 17ಕ್ಕಿತ್ತು, 2025ರಲ್ಲಿ ಜುಲೈ 6ಕ್ಕೆ ಬಂತು. ಅದಕ್ಕೆ ಆಯಾ ವರ್ಷದ ತಾರೀಕನ್ನು ಫಾರಮ್ಮಿನಲ್ಲೇ ಅಚ್ಚು ಹಾಕಿಸಿ, ಕೇಳುವವರ ಅಂದಾಜಿಗೆ ಬಿಡಬೇಡಿ.

ನಾನಾಗಿದ್ದರೆ "ಎಷ್ಟು ಬಾರಿ ಹೋದಿರಿ" ಅನ್ನುವ ಪ್ರಶ್ನೆಯನ್ನೇ ತೆಗೆದುಹಾಕಿ ಅಲ್ಲೊಂದು ಹಾಳೆ ಇಡುತ್ತೇನೆ. ಅಡ್ಡಕ್ಕೆ ಹನ್ನೆರಡು ತಿಂಗಳು, ತಿಂಗಳ ಕೆಳಗೆ ಹಬ್ಬ, ಹಬ್ಬದ ಕೆಳಗೆ ಹೊಲದ ಕೆಲಸ: ಬಿತ್ತನೆ, ಕಳೆ, ಹತ್ತಿ ಬಿಡಿಸೋದು, ತೊಗರಿ ಕಟಾವು. ಉದ್ದಕ್ಕೆ ಮನೆಯ ಒಬ್ಬೊಬ್ಬರ ಹೆಸರು. ಒಬ್ಬೊಬ್ಬರಿಗೂ "ಈ ಹಬ್ಬಕ್ಕೆ ಊರಲ್ಲಿದ್ರಾ?" ಅಂತ ಕೇಳುತ್ತಾ ಗೀಟು ಎಳೆಯೋದು ಅಷ್ಟೇ. ಬಾರಿ, ತಿಂಗಳು, ಯಾರು ಹೋದರು, ಯಾರು ಉಳಿದರು ಎಲ್ಲವೂ ಅದರಲ್ಲೇ ಸಿಗುತ್ತದೆ. ಕೂಡಿಸುವ ಕೆಲಸ ನಿಮ್ಮದು, ಅವಳದ್ದಲ್ಲ.

ಎಷ್ಟು ದಿನದ್ದು ಕೇಳುತ್ತೀರಿ ಅನ್ನೋದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಕಾಲದಿಂದ, ಅಂದರೆ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾದಾಗಿನಿಂದ, ನಮ್ಮ ದೇಶದಲ್ಲಿ ಈ ವಾದ ನಡೆದೇ ಇದೆ. ಆ ಸಮೀಕ್ಷೆಯ 1999-2000ರ ಸುತ್ತಿನಲ್ಲಿ ಊಟದ ಖರ್ಚನ್ನು 7 ದಿನದ್ದು, 30 ದಿನದ್ದು ಎರಡನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಕೇಳಿದರು. ಒಂದರ ಉತ್ತರ ಇನ್ನೊಂದನ್ನು ಎಳೆದುಕೊಂಡಿತು ಅಂತ ದೊಡ್ಡ ಚರ್ಚೆಯಾಗಿ, ಆ ವರ್ಷದ ಬಡತನದ ಲೆಕ್ಕವನ್ನು ಹಿಂದಿನದರ ಜೊತೆ ಹೋಲಿಸೋದೇ ಕಷ್ಟವಾಯಿತು. ಒಂದು ಕಾಲಂ ಸೇರಿಸಿದ್ದಕ್ಕೆ ಇಷ್ಟಾಗುತ್ತದೆ.

ಗುಳೆಗೂ ಇದೇ ಮಾತು. 1999-2000ರ ಸುತ್ತಿನಲ್ಲಿ ದುಡಿಯಲು ಹೋಗಿ 60 ದಿನ ಅಥವಾ ಅದಕ್ಕಿಂತ ಹೆಚ್ಚು, ಆರು ತಿಂಗಳಿಗಿಂತ ಕಡಿಮೆ ಹೊರಗಿದ್ದವರನ್ನು ಅಲ್ಪಾವಧಿ ವಲಸಿಗರು ಅಂತ ಎಣಿಸಿದರು. 2007-08ರ ಸುತ್ತಿನಲ್ಲಿ ಕೆಳಗಿನ ಗಡಿ ಒಂದು ತಿಂಗಳಾಯಿತು. ಹಾಗಾದರೆ ಇಪ್ಪತ್ತೈದು ದಿನ ದುಡಿದು ಬಂದವರು ಎಲ್ಲಿ ಹೋದರು? ಏಳೆಂಟು ತಿಂಗಳು ಬೆಂಗಳೂರಿನ ಕಟ್ಟಡಗಳಲ್ಲಿ ಇದ್ದು, ಬಿತ್ತನೆಗೆ ಮಾತ್ರ ಬರುವವರು? ನೀವು ಗಡಿ ಎಲ್ಲಿಡುತ್ತೀರಿ ಅನ್ನೋದನ್ನ ಸರ್ವೆಗೆ ಮುಂಚೆ ತೀರ್ಮಾನಿಸಿ. ಮೇಲೆ ಹೇಳಿದ ಹಾಳೆ ಇದ್ದರೆ ಇನ್ನೂ ಅನುಕೂಲ, ಗಡಿಯನ್ನು ಆಮೇಲೆ ಹೇಗೆ ಬೇಕಾದರೂ ಇಟ್ಟು ಲೆಕ್ಕ ಹಾಕಬಹುದು.

ಪದ ಬದಲಾದರೆ ಉತ್ತರ ಬದಲಾಗುತ್ತದೆ ಅನ್ನೋದಕ್ಕೆ ಹಳೆಯ ಒಂದು ಪರೀಕ್ಷೆ ಇದೆ. ಡೊನಾಲ್ಡ್ ರಗ್ 1941ರಲ್ಲಿ ಪ್ರಕಟಿಸಿದ್ದು. ಪ್ರಜಾಪ್ರಭುತ್ವದ ವಿರುದ್ಧ ಭಾಷಣ ಮಾಡೋದನ್ನು ಅಮೆರಿಕ ನಿಷೇಧಿಸಬೇಕಾ ಅಂತ ಒಂದು ಗುಂಪಿಗೆ ಕೇಳಿದಾಗ, ಅಭಿಪ್ರಾಯ ಹೇಳಿದವರಲ್ಲಿ ಶೇ. 54 ಜನ ನಿಷೇಧಿಸಬೇಕು ಅಂದರು. ಅದಕ್ಕೆ ಅವಕಾಶ ಕೊಡಬೇಕಾ ಅಂತ ಇನ್ನೊಂದು ಗುಂಪಿಗೆ ಕೇಳಿದಾಗ ಕೊಡಬಾರದು ಅಂದವರು ಶೇ. 75. ನಿಮ್ಮ ಫಾರಮ್ಮಿನಲ್ಲಿ "ಗುಳೆಯನ್ನು ಸರ್ಕಾರ ತಡೆಗಟ್ಟಬೇಕೇ?" ಅಂತ ಇದೆ. ಅದನ್ನು ಬಿಡಿ. ಅಭಿಪ್ರಾಯ ಕೇಳಬೇಡಿ ಅಂತ ಅಲ್ಲ, ಅವರು ಮಾಡಿದ್ದನ್ನು ಮೊದಲು ಕೇಳಿ. ಹೋಗುವ ಮುಂಚಿನ ತಿಂಗಳು ಊರಲ್ಲಿ ಎಷ್ಟು ದಿನ ಕೂಲಿ ಸಿಕ್ಕಿತು, ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳಿದ್ರಾ, ಕೇಳಿದಾಗ ಏನಾಯಿತು. ಅಭಿಪ್ರಾಯ ತಾನಾಗಿ ಹೊರಗೆ ಬರುತ್ತದೆ, ನೀವು ಬರೆದುಕೊಳ್ಳಲು ಜಾಗ ಇಟ್ಟಿರಬೇಕು ಅಷ್ಟೇ.

ಐದು ಹಂತದ "ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ" ಅನ್ನುವ ಅಳತೆಯನ್ನು ರೆನ್ಸಿಸ್ ಲಿಕರ್ಟ್ 1932ರಲ್ಲಿ ಕೊಟ್ಟ. ಓದಿ ಟಿಕ್ ಹಾಕುವವರಿಗೆ ಅದು ಸರಿ. ಬಾಯಿಂದ ಓದಿ ಹೇಳಿದರೆ ಐದರಲ್ಲಿ ಯಾರಿಗೂ ಕೊನೆಯದ್ದೇ ಕಿವಿಯಲ್ಲಿ ಉಳಿಯೋದು. ಬದಲಿಗೆ ಎರಡು ಮೆಟ್ಟಿಲು ಮಾಡಿ. ಮೊದಲು "ಚಲೋ ಆತಾ, ಕೆಟ್ಟಿತಾ, ಹಂಗೇ ಐತಾ?" ಆಮೇಲೆ "ಭಾಳಾ, ಸ್ವಲ್ಪಾ?" ಐದೂ ಹಂತ ಸಿಗುತ್ತವೆ, ಯಾರಿಗೂ ಗೊಂದಲ ಇಲ್ಲ. ಪ್ರಶ್ನೆಗಳನ್ನು ಕೂಡ ಹೀಗೇ, ಬಾಯಲ್ಲಿ ಹೇಗೆ ಬರಬೇಕೋ ಹಾಗೇ ಫಾರಮ್ಮಿನಲ್ಲಿ ಬರೆಯಿರಿ. ಪುಸ್ತಕದ ಭಾಷೆಯಲ್ಲಿದ್ದರೆ ಕೇಳುವ ನಾಲ್ಕು ಜನ ನಾಲ್ಕು ಥರ ಬಿಡಿಸಿ ಹೇಳುತ್ತಾರೆ. ತಾಂಡಾಗಳಿಗೆ ಲಂಬಾಣಿ ಬರುವವರನ್ನೇ ಕರೆದುಕೊಂಡು ಹೋಗಿ.

ದುಡ್ಡಿನ ಪ್ರಶ್ನೆ ಮೊದಲಿಗೇ ಇಟ್ಟಿದ್ದೀರಿ. ಅಲ್ಲಿಂದ ಎತ್ತಿ ಕೊನೆಯ ಹತ್ತಿರ ಹಾಕಿ. ಫಾರಂ ತೆಗೆದ ತಕ್ಷಣ ಹಳ್ಳಿಯಲ್ಲಿ ಕೇಳೋದು "ಮನಿ ಮಂಜೂರು ಮಾಡ್ತೀರೇನ್ರಿ?" ಅಂತ. ಸರ್ಕಾರದವರು ಅಂದುಕೊಂಡರೆ ಆದಾಯ ಇಳಿಯುತ್ತದೆ, ಹೊಲ ಸಣ್ಣದಾಗುತ್ತದೆ. ಇದರಲ್ಲಿ ಅವರ ತಪ್ಪೇನಿಲ್ಲ. ನೀವು ಯಾರು, ಇದರಿಂದ ಅವರಿಗೆ ಏನೂ ಸಿಗಲ್ಲ, ಏನೂ ಹೋಗಲ್ಲ, ಬೇಡ ಅನಿಸಿದರೆ ಹೇಳಬೇಕಿಲ್ಲ ಅಂತ ನಿಧಾನವಾಗಿ, ಪೂರ್ತಿಯಾಗಿ ಹೇಳಿ. ಅದನ್ನೂ ಫಾರಮ್ಮಿನಲ್ಲಿ ಬರೆದಿಡಿ. ಸಾಲ ಎಷ್ಟಿದೆ ಅನ್ನೋದಕ್ಕಿಂತ "ಹೋಗೋ ಮುಂಚೆ ಮೇಸ್ತ್ರಿ ಕಡೆಯಿಂದ ದುಡ್ಡು ಬಂದಿತ್ತಾ?" ಅಂತ ಕೇಳಿದರೆ ಸರಾಗವಾಗಿ ಹೇಳುತ್ತಾರೆ. ಕೂಲಿ ಕೇಳುವಾಗ ಒಬ್ಬರಿಗೋ, ಗಂಡ ಹೆಂಡತಿ ಜೋಡಿಗೋ ಅಂತ ಕೇಳೋದು ಮರೆಯಬೇಡಿ.

ಈಗ ನಿಜವಾಗಿ ಕಲಿಯುವ ಜಾಗಕ್ಕೆ ಬರುತ್ತೇನೆ. ಫಾರಂ ಬರೆದ ಮೇಲೆ ನಾಲ್ಕೈದು ಜನರ ಹತ್ತಿರ ಹೋಗಿ, ಉತ್ತರಕ್ಕಾಗಿ ಅಲ್ಲ, ಉತ್ತರ ಹೇಗೆ ಬಂತು ಅಂತ ತಿಳಿಯೋದಕ್ಕೆ. ಮಸ್ಕಿ ಕಡೆಯ ಊರೊಂದರಲ್ಲಿ ಒಬ್ಬ ತಾಯಿಗೆ ಹೋದ ಸಲ ಎಷ್ಟು ತಿಂಗಳು ಹೊರಗಿದ್ರಿ ಅಂತ ಕೇಳಿದ್ದೆ. ರೊಟ್ಟಿ ಬಡಿಯುತ್ತಾ ತಡ ಮಾಡದೇ "ಎರಡು ತಿಂಗಳ್ರಿ" ಅಂದರು. ಹೇಗೆ ಲೆಕ್ಕ ಹಾಕಿದ್ರಿ ಅಂದೆ. "ಎರಡು ಸಲ ರೇಷನ್ ತಪ್ಪಿತಲ್ರಿ" ಅಂದರು. ಎಷ್ಟು ಗಟ್ಟಿ ಲೆಕ್ಕ ನೋಡಿ. ಆಮೇಲೆ ಮಾತಾಡುತ್ತಾ ತಿಳಿಯಿತು, ಮೂರನೇ ತಿಂಗಳು ಮಾವ ಊರಿಗೆ ವಾಪಸ್ ಬಂದು ಹೆಬ್ಬೆಟ್ಟು ಕೊಟ್ಟು ಅಕ್ಕಿ ತಂದಿದ್ದರು, ಇವರು ಇನ್ನೂ ಅಲ್ಲೇ ಇದ್ದರು. ಅಂದರೆ ಮನೆಮಂದಿಯೆಲ್ಲ ಹೋಗಿದ್ದಾಗ ಮಾತ್ರ ರೇಷನ್ನಿನ ಗುರುತು ನಡೆಯುತ್ತದೆ, ಒಬ್ಬರು ಊರಲ್ಲಿದ್ದರೂ ನಡೆಯಲ್ಲ. ಈಗಂತೂ ಹೋದ ಊರಲ್ಲೇ ರೇಷನ್ ಎತ್ತುವ ಸೌಕರ್ಯವೂ ಇದೆ. ಇದು ಯಾವ ಪುಸ್ತಕದಲ್ಲಿ ಸಿಗುತ್ತೆ ಹೇಳಿ? "ಈ ಪ್ರಶ್ನೆ ಕೇಳಿದಾಗ ಏನು ನೆನಪು ಮಾಡಿಕೊಂಡ್ರಿ?" ಅನ್ನುವ ಒಂದೇ ಮಾತಿಗೆ ಸಿಗುತ್ತದೆ.

ಓದಲೇಬೇಕು ಅಂದರೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೇ ಸುತ್ತಿನ, ಅಂದರೆ 2007-08ರ, ವಲಸೆಯ ಪ್ರಶ್ನಾವಳಿಯನ್ನೂ, ಕ್ಷೇತ್ರ ಸಿಬ್ಬಂದಿಗೆ ಅವರು ಕೊಟ್ಟ ಸೂಚನೆಗಳನ್ನೂ ಓದಿ. ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತವೆ. ಪ್ರಶ್ನೆಗಿಂತ ಸೂಚನೆಗಳನ್ನು ಜಾಸ್ತಿ ಓದಿ.

70 ಪ್ರಶ್ನೆಯನ್ನು ಇಳಿಸೋದಕ್ಕೆ: ನಿಮ್ಮ ವರದಿಯ ಟೇಬಲ್ಲುಗಳನ್ನು ಈಗಲೇ ಖಾಲಿಯಾಗಿ ಬರೆದಿಡಿ. ಯಾವ ಟೇಬಲ್ಲಿಗೂ ಹೋಗದ ಪ್ರಶ್ನೆಯನ್ನು ಸುಮ್ನೆ ಇರಲಿ ಅಂತ ಇಟ್ಟುಕೊಳ್ಳಬೇಡಿ. ಕೂಲಿ ಬಿಟ್ಟು ಕೂತವರ ಹೊತ್ತು ಅದು. ಮೊಬೈಲಿನಲ್ಲಿ ತುಂಬುವುದಾದರೆ ಕೋಬೋ ಟೂಲ್‌ಬಾಕ್ಸ್ ಅನ್ನುವ ಸರ್ವೆ ಆ್ಯಪ್ ಸಾಕು, ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. "ಗೊತ್ತಿಲ್ಲ" ಮತ್ತು "ಹೇಳಲ್ಲ" ಎರಡಕ್ಕೂ ಬೇರೆ ಬೇರೆ ಕೋಡ್ ಕೊಡಿ.

ಕೊನೆಯದಾಗಿ, ನೀವು ಫೆಬ್ರವರಿಯಲ್ಲಿ ಹೋಗ್ತೀನಿ ಅಂದಿದ್ದೀರಿ. ಆಗ ಎಷ್ಟೋ ಮನೆಗಳಿಗೆ ಬೀಗ ಇರುತ್ತದೆ. ಬೀಗ ಕಂಡ ಕೂಡಲೇ ಪಕ್ಕದ ಮನೆಗೆ ಹೋಗಿ ಲೆಕ್ಕ ತುಂಬಿಸುವ ಪದ್ಧತಿ ಇದೆ, ದಯವಿಟ್ಟು ಅದನ್ನು ಮಾಡಬೇಡಿ. ನೀವು ಹುಡುಕಿಕೊಂಡು ಹೋದವರೇ ಆ ಬೀಗದ ಮನೆಯವರು. ಅಂಥ ಮನೆಗಳಿಗೆ ಬೇರೆಯೇ ಒಂದು ಚಿಕ್ಕ ಫಾರಂ ಮಾಡಿಕೊಳ್ಳಿ. ಯಾವಾಗ ಹೋದರು, ಎಷ್ಟು ಜನ ಹೋದರು, ಎಲ್ಲಿಗೆ ಹೋದರು ಅಂತ ಪಕ್ಕದವರನ್ನು ಕೇಳಿ ಬರೆದುಕೊಳ್ಳಿ. ಸಂಬಂಧಿಕರ ಕಡೆಯಿಂದಲೇ ಒಂದು ಫೋನ್ ಮಾಡಿಸಿ, ಮಾತಾಡಲು ಅವರು ಒಪ್ಪಿದರೆ ರಾತ್ರಿ ಎಂಟರ ಮೇಲೆ ನೀವು ಮಾಡಿ. ಹಗಲು ಅವರು ಕೆಲಸದ ಮೇಲಿರುತ್ತಾರೆ.