ಪೆನ್ನಿ ಫಾರ್ದಿಂಗ್ ಸೈಕಲ್ಲಿನ ದೊಡ್ಡ ಗಾಲಿಯನ್ನು ಮನೆಯಲ್ಲೇ ಕಟ್ಟಲಾದೀತೇ?

ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ ಇರುವ ಪೆನ್ನಿ ಫಾರ್ದಿಂಗ್ ಸೈಕಲ್ಲಿನ ಮುಂಗಾಲಿಯನ್ನು ಮನೆಯ ವರ್ಕ್‌ಶಾಪಿನಲ್ಲಿ ಮಾಡಬಹುದೇ, ಅಷ್ಟು ಉದ್ದದ ಕಡ್ಡಿಗಳಿಗೆ ಏನು ಮಾಡಬೇಕು ಎಂದು ತಾವು ಕೇಳಿದ್ದೀರಿ. ಮಾಡಬಹುದು. ಕಲಬುರಗಿಯ ನಮ್ಮ ಮನೆಯ ಹಿತ್ತಲಿನಲ್ಲಿ ಸಣ್ಣದೊಂದು ಲೇತ್ ಮತ್ತು ವೆಲ್ಡಿಂಗ್ ಯಂತ್ರ ಇಟ್ಟುಕೊಂಡು 48 ಇಂಚಿನ ಗಾಲಿಯೊಂದನ್ನು ನಾನು ಕಟ್ಟಿದ್ದೇನೆ.

ಎತ್ತಿನ ಬಂಡಿಯನ್ನು ನೋಡುತ್ತ ಬೆಳೆದ ನಮ್ಮಂಥವರು ಮೊದಲು ಒಂದು ವ್ಯತ್ಯಾಸವನ್ನು ಮನಗಾಣಬೇಕು. ಬಂಡಿಯ ಗಾಲಿಗೆ ಕಾಯಿಸಿದ ಕಬ್ಬಿಣದ ಹಳಿಯನ್ನು ಏರಿಸಿ ನೀರು ಹೊಯ್ದಾಗ ಅದು ಕುಗ್ಗಿ ಮರದ ಅರಗಳನ್ನು ನಡುವಿನತ್ತ ಒತ್ತುತ್ತದೆ. ಭಾರವನ್ನು ಕೆಳಗಿನ ಅರ ಕಂಬದಂತೆ ಹೊರುತ್ತದೆ. ಸೈಕಲ್ಲಿನ ತೆಳು ಕಡ್ಡಿಗೆ ಒತ್ತಡವನ್ನು ತಾಳುವ ಶಕ್ತಿಯಿಲ್ಲ, ಎಳೆತವನ್ನು ಮಾತ್ರ ತಾಳುತ್ತದೆ. ಆದ್ದರಿಂದ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿದಿಟ್ಟಿರುತ್ತಾರೆ, ಭಾರ ಬಿದ್ದಾಗ ಕೆಳಗಿನ ಕಡ್ಡಿಯ ಬಿಗಿ ಸ್ವಲ್ಪ ಇಳಿಯುತ್ತದೆ, ಅಷ್ಟೆ. ಆ ಬಿಗಿ ಪೂರ್ತಿ ಇಲ್ಲವಾದರೆ ಗಾಲಿ ಸೋಲುತ್ತದೆ. ಪ್ಯಾರಿಸ್ಸಿನ ಯೂಜೀನ್ ಮೇಯರ್ 1869ರಲ್ಲಿ ಇಂಥ ತಂತಿಗಾಲಿಗೆ ಪೇಟೆಂಟ್ ಪಡೆದರು.

ಗಾಲಿಯ ಅಳತೆಯನ್ನು ತಮ್ಮ ಕಾಲಿನ ಉದ್ದ ನಿರ್ಧರಿಸುತ್ತದೆ. 48 ಇಂಚಿನ ಗಾಲಿಯ ಅರ್ಧವ್ಯಾಸ 61 ಸೆಂ.ಮೀ.; ಅದಕ್ಕೆ ಪೆಡಲಿನ ತೋಳು, ಸೀಟಿನ ಎತ್ತರ ಸೇರಿಸಿದರೂ ಪಾದ ಕೆಳಗಿನ ಪೆಡಲನ್ನು ಸಲೀಸಾಗಿ ಮುಟ್ಟಬೇಕು. ಚೈನ್ ಇಲ್ಲದ ಕಾರಣ ಪೆಡಲ್ ಒಮ್ಮೆ ಸುತ್ತಿದರೆ ಗಾಲಿಯೂ ಒಮ್ಮೆ ಸುತ್ತಿ, ಸೈಕಲ್ ಸುಮಾರು 3.8 ಮೀಟರ್ ಮುಂದೆ ಹೋಗುತ್ತದೆ.

ನನ್ನ ಮಟ್ಟಿಗೆ ಕೆಲಸದ ಮುಕ್ಕಾಲು ಪಾಲು ರಿಮ್ಮಿನಲ್ಲಿದೆ. ಗೇಟು, ಗ್ರಿಲ್ ಮಾಡುವವರ ಬಳಿ ಮೂರು ರೋಲರಿನ ಬಾಗಿಸುವ ಯಂತ್ರ ಇರುತ್ತದೆ. ರಿಮ್ಮಿನ ಕಾಲುವೆಯಾಕಾರದ ಪಟ್ಟಿ ಚಪ್ಪಟೆಯಾಗದಂತೆ ಅದೇ ಆಕಾರದ ರೋಲರುಗಳನ್ನು ಲೇತಿನಲ್ಲಿ ಕೊರೆದು ಒಯ್ಯಿರಿ. ಈ ಯಂತ್ರ ಪಟ್ಟಿಯ ಎರಡೂ ತುದಿಗಳನ್ನು ಬಾಗಿಸದೆ ನೇರವಾಗಿ ಬಿಡುವುದರಿಂದ ಪಟ್ಟಿಯನ್ನು ಉದ್ದವಾಗಿಯೇ ಬಾಗಿಸಿ, ಆ ತುದಿಗಳನ್ನು ಕತ್ತರಿಸಿ, ಬಳಿಕ ಬೆಸೆಯಬೇಕು. ನಾನು ಮೊದಲ ಸಲ ತುದಿಗಳನ್ನು ಹಾಗೆಯೇ ಬೆಸೆದೆ. ಕಡ್ಡಿ ಬಿಗಿದು ಸರಿಪಡಿಸಬಹುದೆಂದು ನಂಬಿದ್ದೆ. ಬಿಗಿದಷ್ಟೂ ರಿಮ್ ಹಪ್ಪಳದಂತೆ ಸೊಟ್ಟಗಾಯಿತು, ಅದನ್ನು ಬಿಸಾಡಿ ಹೊಸದನ್ನು ಮಾಡಬೇಕಾಯಿತು. ಸುತ್ತಳತೆಯಲ್ಲಿ 1 ಸೆಂ.ಮೀ. ತಪ್ಪಿದರೆ ವ್ಯಾಸದಲ್ಲಿ 3 ಮಿ.ಮೀ.ಗೂ ಹೆಚ್ಚು ತಪ್ಪುತ್ತದೆ. ನುಣುಪಾದ ಶಹಾಬಾದ್ ಕಲ್ಲಿನ ನೆಲದ ಮೇಲೆ ವೃತ್ತ ಬರೆದು, ರಿಮ್ಮನ್ನು ಅದರ ಮೇಲಿಟ್ಟು, ದುಂಡಗೆ ಇದೆಯೇ, ಎಲ್ಲ ಕಡೆಯೂ ನೆಲಕ್ಕೆ ತಾಗುತ್ತದೆಯೇ ಎಂದು ನೋಡಿ, ಕಡ್ಡಿ ಹಾಕುವ ಮೊದಲೇ ತಿದ್ದಿರಿ.

ಅಂಗಡಿಯಲ್ಲಿ ಸಿಗುವ ಸೈಕಲ್ ಕಡ್ಡಿಗಳು ಈ ಗಾಲಿಗೆ ಅರ್ಧದಷ್ಟು ಉದ್ದವಿರುತ್ತವೆ. ನೇರವಾದ ಗಟ್ಟಿ ಸ್ಟೀಲ್ ತಂತಿಯನ್ನು ತಂದು ತಾವೇ ಕತ್ತರಿಸಿಕೊಳ್ಳಬೇಕು. ಅದರ ತುದಿಯ ಮರೆಯನ್ನು, ಅಂದರೆ ತಿರುಪಿನ ಸುರುಳಿ ಗೆರೆಯನ್ನು, ಡೈ ಎಂಬ ಉಪಕರಣದಿಂದ ಕೊರೆಯುವ ಬದಲು ಒತ್ತಿ ಉರುಳಿಸಿ ಮೂಡಿಸಿದರೆ ಒಳ್ಳೆಯದು, ಏಕೆಂದರೆ ಕೊರೆದ ಮರೆಯ ಬುಡದಲ್ಲಿ ತಂತಿ ತೆಳುವಾಗಿ ಅಲ್ಲಿಯೇ ಮುರಿಯುತ್ತದೆ. ಅನೇಕ ಹಳೆಯ ಸೈಕಲ್ಲುಗಳಲ್ಲಿ ಕಡ್ಡಿಗಳು ಗಾಲಿಯ ನಡುವಿನ ಹಬ್ಬಿನಿಂದ ನೇರವಾಗಿ ಹೊರಡುತ್ತವೆ. ಪೆಡಲ್ ತುಳಿದಾಗ ಹಬ್ ಮೊದಲು ಸ್ವಲ್ಪ ತಿರುಚಿಕೊಂಡು, ಆಮೇಲೆ ರಿಮ್ಮನ್ನು ಎಳೆಯುತ್ತದೆ. ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದ ಓರೆ ಜೋಡಣೆಯಲ್ಲಿ ಕಡ್ಡಿ ಹಬ್ಬಿನ ಫ್ಲ್ಯಾಂಜಿನ (ಕಡ್ಡಿ ಸಿಕ್ಕಿಸುವ ತೂತುಗಳಿರುವ ಬಿಲ್ಲೆಯ) ಅಂಚಿಗೆ ಸ್ಪರ್ಶರೇಖೆಯಂತೆ ಹೊರಟು ಆ ತಿರುಚನ್ನು ತಡೆಯುತ್ತದೆ. ಎರಡೂ ಆ ಕಾಲದವೇ ಆದುದರಿಂದ ಎರಡನೆಯದನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಉದ್ದದ ಲೆಕ್ಕ ಶಾಲೆಯ ಪೈಥಾಗೊರಸ್ ಸೂತ್ರವೇ: ರಿಮ್ಮಿನ ಅರ್ಧವ್ಯಾಸ 58, ಫ್ಲ್ಯಾಂಜಿನಲ್ಲಿ ತೂತುಗಳ ಅರ್ಧವ್ಯಾಸ 7 ಸೆಂ.ಮೀ. ಆದರೆ ಕಡ್ಡಿ ಸುಮಾರು 57.6 ಸೆಂ.ಮೀ. ಫ್ಲ್ಯಾಂಜಿನ ದಪ್ಪ ಮತ್ತು ಎರಡು ಫ್ಲ್ಯಾಂಜುಗಳ ಅಂತರಕ್ಕಾಗಿ ತುಸು ಹೆಚ್ಚಿಗೆ ಇಟ್ಟುಕೊಳ್ಳಿ. ನಾನು 60 ಕಡ್ಡಿ ಹಾಕಿದ್ದೇನೆ.

ಇಲ್ಲಿ ಅಚ್ಚು ಹಬ್ಬಿನೊಡನೆಯೇ ತಿರುಗುತ್ತದೆ, ಬೇರಿಂಗುಗಳು ಫೋರ್ಕಿನ ತುದಿಗಳಲ್ಲಿ ಕೂರುತ್ತವೆ ಎಂಬುದನ್ನು ಮರೆಯಬೇಡಿ.

ಬಿಗಿಯುವಾಗ ಆತುರ ಬೇಡ. ರಿಮ್ಮಿನಲ್ಲಿ ಕಡ್ಡಿಯ ತುದಿಯನ್ನು ಹಿಡಿಯುವ ಪುಟ್ಟ ನಟ್ಟುಗಳಾದ ಎಲ್ಲ ನಿಪ್ಪಲ್‌ಗಳನ್ನೂ ಸಡಿಲವಾಗಿ ಸೇರಿಸಿ, ಪ್ರತಿ ಸುತ್ತಿಗೆ ಕಾಲು ತಿರುವಿನಂತೆ ಬಿಗಿಯುತ್ತ ಬನ್ನಿ. ಮೊದಲು ಏರುತಗ್ಗು, ಆಮೇಲೆ ಪಕ್ಕದ ಬೆಂಡ್ ತೆಗೆಯಿರಿ. ಒಂದೇ ಉದ್ದದ, ಒಂದೇ ದಪ್ಪದ ಕಡ್ಡಿಗಳು ಒಂದೇ ಬಿಗಿಯಲ್ಲಿದ್ದರೆ ಮೀಟಿದಾಗ ಒಂದೇ ಸ್ವರ ಕೊಡುತ್ತವೆ. ನಮ್ಮ ಭಾಗದಲ್ಲಿ ತತ್ವಪದ ಹಾಡುವವರು ಏಕತಾರಿಗೆ ಕಿವಿಗೊಟ್ಟು ಶ್ರುತಿ ಕೂಡಿಸುವಂತೆ, ಒಂದೊಂದು ಪಕ್ಕದ ಕಡ್ಡಿಗಳನ್ನು ಮೀಟಿ ಕೂಡಿಸಿದೆ. ಅದಕ್ಕೆ ಎರಡು ಸಂಜೆ ಹಿಡಿಯಿತು.

ಟಯರಿಗೆ ಗಾಳಿಯಿಲ್ಲದ ಗಟ್ಟಿ ರಬ್ಬರ್ ಬೇಕು. ಆಗ ಅದನ್ನು ಬಿಸಿಗೆ ಕರಗುವ ಅಂಟಿನಿಂದ ಕೂರಿಸುತ್ತಿದ್ದರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಿನಲ್ಲಿ ಅದನ್ನು ನಂಬುವುದಕ್ಕಿಂತ, ನಡುವೆ ತೂತಿರುವ ರಬ್ಬರನ್ನು ರಿಮ್ಮಿನ ಸುತ್ತಳತೆಗಿಂತ ಸ್ವಲ್ಪ ಉದ್ದವಾಗಿ ಕತ್ತರಿಸಿ, ಒಳಗೆ ತಂತಿ ಹಾಯಿಸಿ, ಬಿಗಿಯಾಗಿ ಎಳೆದು ಹಿತ್ತಾಳೆಯಿಂದ ಬೆಸೆಯುವುದು ಲೇಸು. ಕೈಬಿಟ್ಟೊಡನೆ ರಬ್ಬರ್ ಹಿಗ್ಗಿ ಬೆಸುಗೆಯನ್ನು ಮುಚ್ಚಿಕೊಳ್ಳುತ್ತದೆ. ಮೊದಲ ಸವಾರಿಯಾದ ಮೇಲೆ ಕಡ್ಡಿಗಳನ್ನು ಮತ್ತೊಮ್ಮೆ ಮೀಟಿ ನೋಡಿ, ಸ್ವರ ಇಳಿದವನ್ನು ಬಿಗಿಯಿರಿ.