ಅದು ನನ್ನ ಮೀನಲ್ಲ

(ಪೋಷಕರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಐದು ವರ್ಷದ ಆ ಹುಡುಗನನ್ನು ನನ್ನ ಬಳಿ ಕರೆತಂದದ್ದು ಮೀನಿನ ವಿಷಯಕ್ಕಲ್ಲ. ಮನೆಯಲ್ಲಿ ಎರಡು ತಿಂಗಳ ತಂಗಿ ಇದ್ದಳು. ಅವಳನ್ನು ಇವನು ಮುಟ್ಟುತ್ತಲೇ ಇರಲಿಲ್ಲ. ತೊಡೆಯ ಮೇಲೆ ಮಲಗಿಸಲು ಹೋದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಿಬಿಡುತ್ತಿದ್ದ. "ಹೊಟ್ಟೆಕಿಚ್ಚು ಮೇಡಂ" ಅಂದರು ತಂದೆ. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಹೊಟ್ಟೆಕಿಚ್ಚಿನ ಮಗು ಸಾಮಾನ್ಯವಾಗಿ ಚಿವುಟುತ್ತದೆ, ತಳ್ಳುತ್ತದೆ, ಅಮ್ಮನ ಮಡಿಲಿಗೆ ತಾನೇ ಏರಲು ನೋಡುತ್ತದೆ. ಇವನು ಮಾತ್ರ ದೂರದಲ್ಲಿ ನಿಂತು, ಮಲಗಿದ ತಂಗಿಯ ಎದೆ ಏರಿಳಿಯುವುದನ್ನೇ ನೋಡುತ್ತಿದ್ದನಂತೆ.

ಎರಡನೇ ಭೇಟಿಯಲ್ಲಿ ಬಣ್ಣದ ಪೆನ್ಸಿಲ್ ಕೊಟ್ಟೆ. ಎರಡು ಕಿತ್ತಳೆ ಮೀನು ಬರೆದ. ಒಂದರ ಬಾಲದ ಹತ್ತಿರ ಪುಟ್ಟ ಜಾಗ ಬಿಟ್ಟು, ಸುತ್ತಲೂ ಒತ್ತಿ ಒತ್ತಿ ಬಣ್ಣ ತುಂಬಿದ. "ನನ್ನ ಮೀನಿಗೆ ಇಲ್ಲಿ ಬಿಳಿ ಚುಕ್ಕೆ ಇತ್ತು. ಮನೇಲಿರೋದು ನನ್ನ ಮೀನಲ್ಲ." ಪಕ್ಕದಲ್ಲಿ ಕೂತಿದ್ದ ತಾಯಿ ತಲೆ ತಗ್ಗಿಸಿದರು.

ಕಥೆ ಹೊರಬಂತು. ಹೆರಿಗೆಗೆ ಒಂದು ತಿಂಗಳಿರುವಾಗ ದುಂಡನೆಯ ಗಾಜಿನ ಬಟ್ಟಲಲ್ಲಿ ಗೋಲ್ಡ್‌ಫಿಶ್ ತಂದಿದ್ದರು. "ಇದು ನಿಂದು, ನೀನೇ ನೋಡ್ಕೋಬೇಕು. ಇದನ್ನ ಚೆನ್ನಾಗಿ ನೋಡ್ಕೊಂಡ್ರೆ ಪಾಪೂನೂ ನೋಡ್ಕೋಬಹುದು" ಅಂದಿದ್ದರು. ಒಂಬತ್ತನೇ ದಿನ ಅವನು ಆಹಾರದ ಅರ್ಧ ಡಬ್ಬಿಯನ್ನು ನೀರಿಗೆ ಸುರಿದ. ಮರುದಿನ ಮೀನು ಸತ್ತಿತ್ತು. ಅವನು ಏಳುವ ಮುಂಚೆಯೇ ಅಂಥದ್ದೇ ಇನ್ನೊಂದನ್ನು ತಂದು ಬಿಟ್ಟರು. ಅವನು ಕೇಳಿದಾಗ "ಅದೇ ಮೀನು ಕಣೋ" ಅಂದರು.

ಈ ವಯಸ್ಸಿನಲ್ಲಿ ಸತ್ತದ್ದು ಮರಳಿ ಬರುವುದಿಲ್ಲ ಎಂಬುದು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಆದದ್ದಕ್ಕೆಲ್ಲ ತಾನೇ ಕಾರಣ ಎನ್ನುವ ಭಾವನೆ ಮಾತ್ರ ಬಹಳ ಬಲವಾಗಿರುತ್ತದೆ. ಯಾರೂ ಬಾಯಿ ಬಿಡದ್ದರಿಂದ ಅವನು ತನಗೆ ತಾನೇ ಉತ್ತರ ಕಂಡುಕೊಂಡಿದ್ದ: ನನ್ನ ಕೈ ತಾಗಿದರೆ ಸಾಯುತ್ತದೆ.

ಮೊದಲು ನಿಜ ಹೇಳಿ ಎಂದೆ. "ಸತ್ತುಹೋಯಿತು" ಎಂಬ ಪದವನ್ನೇ ಬಳಸಿ. "ಮಲಗಿಬಿಟ್ಟಿದೆ" ಅನ್ನಲೇಬೇಡಿ, ದಿನವಿಡೀ ಮಲಗುವ ಕೂಸು ಮನೆಯಲ್ಲಿದೆ. ಆಹಾರದ ವಿಷಯವನ್ನೂ ಮುಚ್ಚಿಡಬೇಡಿ. ಮಿಕ್ಕ ಆಹಾರ ಕೊಳೆತರೆ ನೀರಲ್ಲಿ ಅಮೋನಿಯಾ ಏರುತ್ತದೆ, ಅದು ಮೀನಿಗೆ ವಿಷ. ಆದರೆ ಫಿಲ್ಟರ್ ಇಲ್ಲದ ಹೊಸ ಬಟ್ಟಲಲ್ಲಿ ಅಮೋನಿಯಾವನ್ನು ಬೇರೆ ವಸ್ತುವಾಗಿ ಬದಲಿಸುವ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರಲಿಲ್ಲ, ಮೀನಿನ ಹೊಲಸೇ ಸಾಕಿತ್ತು. "ಡಬ್ಬಿಯನ್ನ ನಿನ್ನ ಕೈಗೆ ಸಿಗೋ ಹಾಗೆ ಇಟ್ಟಿದ್ದು ನಾವು. ಆ ಬಟ್ಟಲು ಸಾಲದು ಅಂತ ತಿಳ್ಕೊಳ್ಳದೇ ಇದ್ದದ್ದೂ ನಾವು." ಈ ಎರಡು ವಾಕ್ಯವನ್ನು ತಂದೆ ನನ್ನೆದುರು ಮೂರು ಸಲ ಹೇಳಿ ಅಭ್ಯಾಸ ಮಾಡಿದರು. ಮೂರನೇ ಸಲಕ್ಕೆ ಅವರ ಕಣ್ಣು ತುಂಬಿತ್ತು.

ಮೀನು ಮಗುವಿನ ಜವಾಬ್ದಾರಿಯನ್ನು ಅಳೆಯುವ ಪರೀಕ್ಷೆಯಲ್ಲ. ಒಂದು ಜೀವವನ್ನು ಉಳಿಸುವ ಹೊಣೆ ಐದು ವರ್ಷದ ಹೆಗಲಿಗೆ ಸಲ್ಲದು. ಅದು ದೊಡ್ಡವರದು, ಮಗುವಿನ ಪಾಲಿಗೆ ನೋಡುವುದು, ಕೇಳುವುದು, ಒಂದೆರಡು ಸಣ್ಣ ಕೆಲಸ. ಇದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ಎರಡನೇ ಮೀನು ಇನ್ನೂ ಅದೇ ಬಟ್ಟಲಲ್ಲಿ ಜೀವ ಹಿಡಿದುಕೊಂಡಿತ್ತು. ಗೋಲ್ಡ್‌ಫಿಶ್ ಗೇಣುದ್ದ ಬೆಳೆಯಬಲ್ಲದು, ಹತ್ತು ವರ್ಷ ಮೀರಿ ಬದುಕಬಲ್ಲದು. ದೊಡ್ಡ ಟ್ಯಾಂಕ್ ಇದ್ದ ಪರಿಚಿತರಿಗೆ ಅದನ್ನು ಕೊಡುವುದೆಂದಾಯಿತು. ಹುಡುಗನನ್ನೂ ಕರೆದುಕೊಂಡೇ ಹೋಗಿ ಎಂದೆ, ಇನ್ನೊಂದು ಮೀನು ಕಣ್ಮರೆಯಾಗಬಾರದಲ್ಲ.

ಆಮೇಲೆ 40 ಲೀಟರಿನ ಟ್ಯಾಂಕ್, ಫಿಲ್ಟರ್, ಹೀಟರ್ ಬಂದವು. ಮೀನಿಲ್ಲ. ದಿನವೂ ಚೂರು ಆಹಾರ ಹಾಕಿ ಬ್ಯಾಕ್ಟೀರಿಯಾ ಬೆಳೆಸುತ್ತ ಐದು ವಾರ ಕಾದರು. ಪರೀಕ್ಷಾ ಕೊಳವೆಯ ನೀರಿನ ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸುವುದು ಅವನ ಕೆಲಸ. ಅಮೋನಿಯಾ, ಅದರಿಂದ ಹುಟ್ಟುವ ಇನ್ನೊಂದು ವಿಷವಾದ ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಒಂದೇ ಒಂದು ಫೈಟರ್ ಮೀನು ಬಂತು. ಆಹಾರದ ಡಬ್ಬಿ ಮೇಲಿನ ಕಪಾಟಿನಲ್ಲಿ. ವಾರದ ಮಾತ್ರೆ ಹಾಕಿಡುವ ಏಳು ಮುಚ್ಚಳದ ಪೆಟ್ಟಿಗೆಯಲ್ಲಿ ತಾಯಿ ದಿನಕ್ಕೆ ಮೂರು ಕಾಳಿನಂತೆ ಎಣಿಸಿಡುತ್ತಾರೆ, ಅವನು ಆ ದಿನದ ಮುಚ್ಚಳವನ್ನಷ್ಟೇ ತೆರೆಯುತ್ತಾನೆ, ಕೈ ತೊಳೆಯುತ್ತಾನೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದು, ಹೊಸ ನೀರಿನ ಕ್ಲೋರಿನ್ ತೆಗೆಯುವುದು, ಹೊರತೆಗೆದ ಟ್ಯಾಂಕಿನ ನೀರಲ್ಲೇ ಫಿಲ್ಟರಿನ ಸ್ಪಂಜು ಹಿಂಡುವುದು ತಂದೆಯ ಕೆಲಸ. ನಲ್ಲಿಯ ಕ್ಲೋರಿನ್ ನೀರಲ್ಲಿ ಸ್ಪಂಜು ತೊಳೆದರೆ ಸಾಕಿಕೊಂಡ ಬ್ಯಾಕ್ಟೀರಿಯಾ ಸಾಯುತ್ತದೆ.

ಮೊದಲ ದಿನ ಮೀನು ಮೇಲೆ ಬಂದು ಬಾಯಿ ತೆರೆದಾಗ ಹುಡುಗ ಕಿರುಚಿದನಂತೆ. ಈ ಜಾತಿ ಕಿವಿರಿನ ಜೊತೆಗೆ ಮೇಲಿನ ಗಾಳಿಯನ್ನೂ ಉಸಿರಾಡುತ್ತದೆ ಎಂದು ತಂದೆ ಪಕ್ಕದಲ್ಲಿ ಕೂತು ತೋರಿಸಿದರು. ಅವನು ಎಣಿಸುತ್ತ ಕೂತ.

ನಾಲ್ಕನೇ ಭೇಟಿಯ ಹೊತ್ತಿಗೆ ತಂಗಿಯ ಪಾದವನ್ನು ಒಂದು ಬೆರಳಿನಿಂದ ಮುಟ್ಟಿದ್ದ. ಈಗಲೂ ದಿನಕ್ಕೆ ಹಲವು ಸಲ ಬಂದು ಅವಳ ಎದೆ ಏರಿಳಿಯುತ್ತಿದೆಯಾ ನೋಡುತ್ತಾನೆ. ತಡೆಯಬೇಡಿ, ಜೊತೆಗೆ ನಿಂತು ನೀವೂ ನೋಡಿ ಎಂದಿದ್ದೇನೆ.