ಊರಂಚಿನ ಕರಡಿ, ಜಿಂಕೆಗಳನ್ನು ಬೇಟೆಯಿಂದ ಹತೋಟಿಗೆ ತರಬಹುದೇ?

ಜಿಂಕೆಯ ಮಟ್ಟಿಗೆ ಹೌದು. ಕರಡಿಯ ಮಟ್ಟಿಗೆ ಅರ್ಧ ಮಾತ್ರ. ಅಮೆರಿಕದ ನ್ಯೂಜೆರ್ಸಿಯನ್ನೇ ನೋಡಿ. ಜಿಂಕೆಯನ್ನು ತಿನ್ನುತ್ತಿದ್ದ ತೋಳ, ಪ್ಯೂಮಾ (ದೊಡ್ಡ ಕಾಡುಬೆಕ್ಕು) ಅಲ್ಲಿಂದ ಅಳಿದು ಎಷ್ಟೋ ಕಾಲವಾಯಿತು. ಬಿಳಿಬಾಲದ ಹೆಣ್ಣು ಜಿಂಕೆಯೋ ಸಾಮಾನ್ಯವಾಗಿ ಅವಳಿ ಮರಿ ಹಾಕುತ್ತದೆ. ಜಿಂಕೆ ಮಿತಿಮೀರಿದ ಕಾಡಿನೊಳಗೆ ನಿಂತರೆ ಎದೆಮಟ್ಟದವರೆಗೆ ಹಸಿರೆಲೆಯೇ ಕಾಣದು, ಓಕ್ ಸಸಿಗಳನ್ನೆಲ್ಲ ಮೇದು ಮುಗಿಸಿರುತ್ತವೆ. ಕೊಂಬಿನ ಗಂಡನ್ನು ಎಷ್ಟು ಹೊಡೆದರೂ ಸಂಖ್ಯೆ ಇಳಿಯುವುದಿಲ್ಲ. ಹೆಣ್ಣಿನ ಬೇಟೆಗೂ ಪರವಾನಗಿ ಕೊಡಲೇಬೇಕು. ಮನೆಗಳಿಂದ 450 ಅಡಿಯೊಳಗೆ ಬಂದೂಕು ಹಿಡಿದು ಬೇಟೆಯಾಡುವಂತಿಲ್ಲ, ಹಾಗಾಗಿ ಬಡಾವಣೆಗಳ ಬದಿಯಲ್ಲಿ ಹೆಚ್ಚಾಗಿ ಬಿಲ್ಲುಬಾಣವೇ ಗತಿ.

ಕರಡಿ ಬೇಟೆ ಅಲ್ಲಿ 1971ರಿಂದ ನಿಂತಿದ್ದು 2003ರಲ್ಲಿ ಮತ್ತೆ ಶುರುವಾಯಿತು. 2021ರಲ್ಲಿ ನಡೆಯಲಿಲ್ಲ. ದೂರುಗಳು ಏರಿದಾಗ, ಬೇಟೆಯನ್ನು ವಿರೋಧಿಸಿದ್ದ ಆಗಿನ ಗವರ್ನರ್ ಫಿಲ್ ಮರ್ಫಿಯವರೇ 2022ರ ನವೆಂಬರಿನಲ್ಲಿ ಅದಕ್ಕೆ ಒಪ್ಪಬೇಕಾಯಿತು. ವನ್ಯಜೀವಿ ಅಧಿಕಾರಿಗಳು ಮೊದಲೇ ಹಿಡಿದು ಕಿವಿಗೆ ಗುರುತು ಹಾಕಿ ಬಿಟ್ಟ ಕರಡಿಗಳಲ್ಲಿ ಶೇ. 30ರಷ್ಟು ಬೇಟೆಯಾದರೆ ಆ ವರ್ಷದ ಬೇಟೆಯನ್ನು ಅಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಬೇಟೆಗಾರನಿಗೆ ಸಿಗುವುದು ಕಾಡಿನಲ್ಲಿರುವ ಕರಡಿ. ರಾತ್ರಿ ಕಸದ ಡಬ್ಬ ಉರುಳಿಸಿ ಹೋದದ್ದು ಬೇರೆಯದೇ ಇರಬಹುದು. ಡಬ್ಬಕ್ಕೆ ಭದ್ರವಾದ ಚಿಲಕ ಹಾಕದೆ, ಅಂಗಳದಲ್ಲಿ ಹಕ್ಕಿಗೆಂದು ತೂಗುಹಾಕಿದ ಕಾಳನ್ನು ತೆಗೆಯದೆ, ಮೊದಲು ಬಂದೂಕು ಎತ್ತುವುದನ್ನು ನಾನಂತೂ ಒಪ್ಪಲಾರೆ.